ಎರಡು ಹಿಡಿ ಗಾರೆಯ ಜಾಗ

ಆ ಇಟ್ಟಿಗೆಯ ಮೇಲೆ ಮೂರು ಬೆರಳುಗಳ ಗುರುತಿತ್ತು. ಬಾಗಿಲಿನಿಂದ ಎಡಕ್ಕೆ, ನೆಲದಿಂದ ಹದಿನೈದನೆಯ ವರಸೆಯಲ್ಲಿ. ಇಟ್ಟಿಗೆ ಇನ್ನೂ ಹಸಿಯಾಗಿದ್ದಾಗ ಯಾರೋ ಅದನ್ನು ಎತ್ತಿ ಪಕ್ಕಕ್ಕಿಟ್ಟಿದ್ದರು. ಬೆರಳು ಒತ್ತಿದ ಕಡೆ ಮೂರು ಕುಳಿ ಬಿದ್ದು, ಗೂಡಿನ ಬೆಂಕಿಯಲ್ಲಿ ಹಾಗೆಯೇ ಸುಟ್ಟು ಗಟ್ಟಿಯಾಗಿತ್ತು. ನಡುವಿನ ಕುಳಿ ಮಿಕ್ಕ ಎರಡಕ್ಕಿಂತ ಆಳ. ಗಂಡಸಿನ ಬೆರಳಲ್ಲ. ನನ್ನ ಬೆರಳುಗಳನ್ನು ಇಟ್ಟು ನೋಡಿದೆ. ನನ್ನವಕ್ಕಿಂತ ಸ್ವಲ್ಪ ದಪ್ಪ, ಅಷ್ಟೆ.

ಹಳೆಯ ಗಾರೆಯನ್ನೆಲ್ಲ ಕೆತ್ತಿ ತೆಗೆದ ಮೇಲೆ ಆ ಗುರುತು ಕಂಡಿತು. ಊರು ಮುಳಬಾಗಿಲು. ಯುದ್ಧ ನಡೆಯುತ್ತಿದ್ದ ಕಾಲ. ಕೋಲಾರದಿಂದ ಬರುವ ಬಸ್ಸು ಪೆಟ್ರೋಲಿಲ್ಲದೆ, ಬೆನ್ನಿಗೆ ಇದ್ದಿಲಿನ ಒಲೆ ಕಟ್ಟಿಕೊಂಡು ಓಡುತ್ತಿತ್ತು. ನಾನು ಬಿ.ಎಸ್‌ಸಿ. ಮುಗಿಸಿ, ಶ್ರೀನಿವಾಸಪುರದ ಹೆಣ್ಣುಮಕ್ಕಳ ಶಾಲೆಯಲ್ಲಿ ಎರಡು ವರ್ಷ ಪಾಠ ಹೇಳಿ, ಆಗಷ್ಟೇ ಇಲ್ಲಿಯ ಶಾಲೆಗೆ ವರ್ಗವಾಗಿ ಬಂದಿದ್ದೆ. ಶ್ರೀನಿವಾಸಪುರದಲ್ಲಿ ನಮ್ಮ ಶಾಲೆಯ ಉಪಾಧ್ಯಾಯಿನಿಯೊಬ್ಬರ ಮನೆಯ ಪಡಸಾಲೆಯಲ್ಲಿ ಒಂದು ಮೂಲೆ ನನ್ನದಾಗಿತ್ತು. ಅವರೆಲ್ಲ ಒಳ್ಳೆಯವರು. ಆದರೆ ಪುಸ್ತಕ ತೆರೆದರೆ ಏನು ಓದುತ್ತೀಯ ಎಂದೂ, ಮುಚ್ಚಿದರೆ ಯಾಕೆ ಮುಚ್ಚಿದೆ ಎಂದೂ ಕೇಳುವವರು ಆ ಮನೆಯಲ್ಲಿ ಏಳು ಜನ ಇದ್ದರು. ನನಗೆ ಬೇಕಾಗಿದ್ದದ್ದು ಒಳಗಿನಿಂದ ಅಗುಳಿ ಹಾಕಿಕೊಳ್ಳಬಹುದಾದ ಒಂದು ಬಾಗಿಲು.

ಮದುವೆಯಾಗದ ಹೆಣ್ಣಿಗೆ ಅಂಥ ಬಾಗಿಲನ್ನು ಬಾಡಿಗೆಗೆ ಕೊಡುವವರು ಮುಳಬಾಗಿಲಿನಲ್ಲಿ ಯಾರೂ ಸಿಗಲಿಲ್ಲ. ಕೊನೆಗೆ ವಯಸ್ಸಾದ ಒಬ್ಬ ವಿಧವೆ ಸಿಕ್ಕಿದರು. ಅವರ ಮನೆಗೆ ಅಂಟಿಕೊಂಡೇ ಒಂದು ಚಿಕ್ಕ ಮನೆ ಖಾಲಿಯಿತ್ತು. ಖಾಲಿಯಿದ್ದದ್ದು ಗೋಡೆಯ ದೆಸೆಯಿಂದ. ಎರಡು ಮನೆಗಳಿಗೂ ನಡುವೆ ಇದ್ದ ಆ ಗೋಡೆ ನನ್ನ ಕಡೆಗೆ ಉಪ್ಪು ಹಿಡಿದು, ಹೊಟ್ಟೆ ಉಬ್ಬಿಸಿಕೊಂಡು ನಿಂತಿತ್ತು. ಊಟಕ್ಕೆ ಕುಳಿತರೆ ಎಲೆಯ ಮೇಲೆ ಪುಡಿ ಉದುರುತ್ತಿತ್ತು. ನಾನು ಅವರನ್ನು ದೊಡ್ಡಮ್ಮ ಎಂದು ಕರೆಯುತ್ತಿದ್ದೆ. ಹಾಗೆ ಕರೆಯೆಂದು ಅವರೇ ಹೇಳಿದ್ದರು.

"ಒಬ್ಬಳೇ ಇರ್ತೀಯಾ?" ಎಂದು ಮೊದಲ ದಿನವೇ ಕೇಳಿದರು.

"ಇಲ್ಲ ದೊಡ್ಡಮ್ಮ. ಮಾಲೂರಿಂದ ಅಮ್ಮ ಬರ್ತಾರೆ."

"ಯಾವಾಗ?"

"ದಸರಾ ರಜಕ್ಕೆ."

"ಹಾಗಾದ್ರೆ ಸರಿ. ಗೋಡೆ ನೀನೇ ಮಾಡಿಸ್ಕೋಬೇಕು. ಅಮ್ಮ ಬರ್ದೇ ಹೋದ್ರೆ ಮನೆ ಬಿಡ್ಬೇಕು ಕಣೇ, ಈಗ್ಲೇ ಹೇಳಿದೀನಿ. ಒಂಟಿ ಹುಡುಗೀಗೆ ಮನೆ ಕೊಟ್ಟೋಳು ಅಂತ ಅನ್ನಿಸ್ಕೊಳ್ಳೋಕೆ ನನ್ ಕೈಲಾಗಲ್ಲ."

ಅಮ್ಮ ಬರುತ್ತಾರೆಂಬ ಮಾತು ನನ್ನ ಬಾಯಿಂದ ತಾನಾಗಿ ಬಂತು ಎಂದು ಬರೆದರೆ ಅದು ಇನ್ನೊಂದು ಸುಳ್ಳಾಗುತ್ತದೆ. ದಾರಿಯಲ್ಲಿ ಬರುವಾಗಲೇ ಯೋಚಿಸಿಕೊಂಡು ಬಂದಿದ್ದೆ.

ಅಪ್ಪ ತೀರಿಕೊಂಡ ಮೇಲೆ ಅಮ್ಮ ಮಾಲೂರಿನಲ್ಲಿ ಅಣ್ಣನ ಮನೆಯಲ್ಲಿದ್ದಳು. ಅವಳಿಗೆ ಓದುಬರಹ ಬರುತ್ತಿರಲಿಲ್ಲ. ಅವಳ ಕಾಗದಗಳನ್ನು ಅಣ್ಣ ಬರೆಯುತ್ತಿದ್ದ, ನಾನು ಬರೆದದ್ದನ್ನು ಅವಳಿಗೆ ಅವನೇ ಓದಿ ಹೇಳುತ್ತಿದ್ದ. ಆ ಕಾಗದಗಳಲ್ಲಿ ಅಮ್ಮನ ಮಾತು ಎಲ್ಲಿ ಮುಗಿಯಿತು, ಅಣ್ಣನ ಮಾತು ಎಲ್ಲಿ ಶುರುವಾಯಿತು ಎಂದು ಎಷ್ಟು ಸಲ ಓದಿದರೂ ತಿಳಿಯುತ್ತಿರಲಿಲ್ಲ. ನಾನು ಕೆಲಸಕ್ಕೆ ಸೇರಿದ್ದು ಅಣ್ಣನಿಗೆ ಸೇರಿರಲಿಲ್ಲ. ಅವನು ತಂದ ಎರಡು ಸಂಬಂಧಗಳನ್ನು ನಾನು ಬೇಡವೆಂದಿದ್ದೆ. ಮನೆ ಸಿಕ್ಕ ದಿನ, ಅಮ್ಮನನ್ನು ಕಳುಹಿಸಿಕೊಡು ಎಂದು ಬರೆದೆ. ಉತ್ತರ ಬರಲಿಲ್ಲ.

ದಸರಾ ರಜ ಬಂತು. ಶಾಲೆಯ ಬೇರೆ ಉಪಾಧ್ಯಾಯಿನಿಯರೆಲ್ಲ ಟ್ರಂಕು ಕಟ್ಟಿಕೊಂಡು ಅವರವರ ಊರಿಗೆ ಹೋದರು. "ನೀವು ಹೋಗಲ್ವಾ?" ಎಂದವರಿಗೆ "ಗೋಡೆ ಮಾಡಿಸಬೇಕು" ಎಂದೆ. ಎಲ್ಲರೂ ಒಪ್ಪುವಂಥ ಉತ್ತರ ಅದು.

ಗಾರೆ ಕೆಲಸದ ಮೇಸ್ತ್ರಿ ಅರವತ್ತು ದಾಟಿದವರು. ಅವರ ಅಜ್ಜನ ಕಾಲದಿಂದಲೂ ಸುಣ್ಣದ ಕೆಲಸ ಮಾಡಿಕೊಂಡು ಬಂದ ಮುಸಲ್ಮಾನರ ಮನೆತನ. ನಾನು ಮನೆಗೆ ಬಂದ ವಾರವೇ ಹಿತ್ತಿಲಲ್ಲಿ ಗುಂಡಿ ತೋಡಿ, ಸುಣ್ಣ ಅರಳಿಸಿ, ನೆನೆಯಲು ಬಿಟ್ಟು ಹೋಗಿದ್ದರು. ರಜದ ಎರಡನೆಯ ದಿನ ಬೆಳಿಗ್ಗೆ ಬಂದವರು ಮೊದಲು ಉಳಿಯನ್ನೂ ಮುಟ್ಟಲಿಲ್ಲ, ಸುತ್ತಿಗೆಯನ್ನೂ ಮುಟ್ಟಲಿಲ್ಲ. ಗೋಡೆಯ ಉದ್ದಕ್ಕೂ ಬೆರಳ ಗೆಣ್ಣಿನಿಂದ ಕುಟ್ಟುತ್ತ, ಕಿವಿಯಿಟ್ಟು ಕೇಳುತ್ತ ಹೋದರು. ಗಟ್ಟಿಯಿದ್ದ ಕಡೆ ಸದ್ದು ಚಿಕ್ಕದು. ಟೊಳ್ಳಾದ ಕಡೆ ಖಾಲಿ ಡಬ್ಬಿಯ ಸದ್ದು. ಸೊಂಟದೆತ್ತರಕ್ಕಿಂತ ಕೆಳಗೆ ಮೂರನೆಯದೊಂದು ಸದ್ದು ಬಂತು. ಅಲ್ಲಿ ಅವರು ನಿಂತರು.

"ಇಲ್ಲಿ ಸಿಮೆಂಟು ಹಾಕಿದ್ದು ಯಾರು?"

ದೊಡ್ಡಮ್ಮ ಮಡಿಯಲ್ಲಿದ್ದರು. ಹೊಸ್ತಿಲಿನ ಆಚೆಯೇ ನಿಂತು ಹೇಳಿದರು: "ಹಿಂದೆ ಬಾಡಿಗೆಗಿದ್ನಲ್ಲ, ಚಿನ್ನದ ಗಣೀಲಿ ಕೆಲಸಕ್ಕೆ ಹೋಗ್ತಿದ್ದೋನು. ಎಲ್ಲಿಂದ್ಲೋ ಅರ್ಧ ಮೂಟೆ ತಂದು ತಾನೇ ಮೆತ್ತಿದ. ಗಟ್ಟಿ ಇರ್ಲಿ ಅಂತ."

"ಗಟ್ಟಿ ಇದೆ ಅಮ್ಮಾ. ಅದೇ ತಪ್ಪಾಗಿದ್ದು. ಇಟ್ಟಿಗೆ ನೆಲದಿಂದ ನೀರು ಕುಡಿಯುತ್ತೆ, ಗಾರೆ ಮೂಲಕ ಹೊರಗೆ ಬಿಡುತ್ತೆ. ಇವನು ಮೂಗೇ ಮುಚ್ಚಿಬಿಟ್ಟಿದಾನೆ. ನೀರು ಎಲ್ಲಿಗೆ ಹೋಗ್ಬೇಕು? ಮೇಲಕ್ಕೆ ಹತ್ತಿ ಮೇಲಿನ ಗಾರೇನೂ ತಿಂದ್ಹಾಕಿದೆ."

ಕೆತ್ತುವುದಕ್ಕೆ ಮೂರು ದಿನ ಹಿಡಿಯಿತು. ಮೇಲಿನ ಸುಣ್ಣದ ಗಾರೆ ಉಳಿ ತಾಗಿದರೆ ಸಾಕು, ಹಪ್ಪಳದಂತೆ ಕಳಚಿ ಬೀಳುತ್ತಿತ್ತು. ಸಿಮೆಂಟು ಹಾಗೆ ಬರುತ್ತಿರಲಿಲ್ಲ. ಬಂದರೆ ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತಿತ್ತು. ಮೇಸ್ತ್ರಿ ಉಳಿಯನ್ನು ನೇರವಾಗಿ ಹಿಡಿಯದೆ ವಾಲಿಸಿ, ಅಂಚಿನಿಂದ ಸ್ವಲ್ಪ ಸ್ವಲ್ಪವಾಗಿ ಸಡಿಲಿಸುತ್ತಿದ್ದರು. ಬಿದ್ದದ್ದನ್ನು ಬಾಂಡಲಿಗೆ ತುಂಬಿ ಹೊರಗೆ ಸಾಗಿಸುತ್ತಿದ್ದವಳು ಅವರ ಜೊತೆಗೆ ಬರುತ್ತಿದ್ದ ಕೂಲಿಯಾಳು, ಗಾರೆಯವರ ಮಾತಿನಲ್ಲಿ ಚಿತ್ತಾಳು. ಮೂವತ್ತೈದರ ಆಸುಪಾಸಿನ ಹೆಂಗಸು, ಆಂಧ್ರದ ಗಡಿಯ ಕಡೆಯ ಹಳ್ಳಿಯವಳು. ಅವಳ ಬಾಯಿಗೆ ಬಿಡುವೇ ಇರಲಿಲ್ಲ.

"ಮೇಸ್ತ್ರಿ, ಗೋಡೆಗೆ ಕೊಡೋ ಮರ್ಯಾದೇಲಿ ಅರ್ಧ ಹೆಂಡ್ತಿಗೆ ಕೊಟ್ಟಿದ್ರೆ ಮಧ್ಯಾಹ್ನಕ್ಕೆ ಬಿಸಿ ರೊಟ್ಟಿ ಬರ್ತಿತ್ತು."

"ಗೋಡೆ ಬಾಯಿ ಮುಚ್ಕೊಂಡಿರುತ್ತೆ ಕಣವ್ವಾ. ಅದಕ್ಕೇ ಮರ್ಯಾದೆ."

"ಅಯ್ಯೋ ದೇವುಡಾ! ಟೀಚರಮ್ಮನೂ ಬಾಯಿ ಮುಚ್ಕೊಂಡೇ ಇರ್ತಾರೆ. ನೀವಿಬ್ರೂ ಇದ್ರೆ ನಾನು ಮಾತಾಡೋದು ಬಾಂಡ್ಲಿ ಜೊತೇಗಾ?"

ನಾನು ನಕ್ಕೆ. ಆ ಮನೆಗೆ ಬಂದ ಮೇಲೆ ನಕ್ಕದ್ದು ಅದೇ ಮೊದಲು ಎಂದು ಆಮೇಲೆ ಹೊಳೆಯಿತು.

ಗೋಡೆ ಬೆತ್ತಲಾದ ಮೇಲೆ, ಸಂದುಗಳ ಸವೆದ ಸುಣ್ಣವನ್ನೂ ಕೆರೆದು ತೆಗೆದಾಗ, ಆಚೆ ಮನೆಯ ಸದ್ದುಗಳು ಕೇಳತೊಡಗಿದವು. ದೊಡ್ಡಮ್ಮನ ಕೆಮ್ಮು, ಕೊಡ ಇಟ್ಟ ಸದ್ದು, ಬೆಳಗಿನ ಸ್ತೋತ್ರ, ಒಗ್ಗರಣೆಯ ಸದ್ದು. ಒಬ್ಬರೇ ಇರುವ ಮನೆಯಲ್ಲಿ ಒಗ್ಗರಣೆ ಎಷ್ಟು ಬೇಗ ಸುಮ್ಮನಾಗುತ್ತದೆ! ನನ್ನ ಸದ್ದೂ ಅವರಿಗೆ ಕೇಳಿಸಿರಬೇಕು. ಆದರೆ ನನ್ನ ಕಡೆ ಕೇಳಿಸುವಂಥದ್ದು ಹೆಚ್ಚೇನೂ ಇರಲಿಲ್ಲ.

ಆ ಮೂರನೆಯ ದಿನವೇ ಕಾಗದ ಬಂತು. ಅಣ್ಣನ ದುಂಡಕ್ಷರ. ಅತ್ತಿಗೆಗೆ ಏಳು ತಿಂಗಳು, ಅಮ್ಮ ಈಗ ಎಲ್ಲಿಗೂ ಬರುವ ಹಾಗಿಲ್ಲ, ಆಮೇಲೂ ಕೂಸನ್ನು ನೋಡಿಕೊಳ್ಳಬೇಕು, ಅವಳೂ ಹಾಗೆಯೇ ಹೇಳುತ್ತಾಳೆ, ನೀನೇ ಕೆಲಸ ಬಿಟ್ಟು ಬಂದುಬಿಡು. ಕಾಗದವನ್ನು ನಾಲ್ಕು ಮಡಿಕೆ ಮಾಡಿ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟೆ. ಅಮ್ಮ ಬರಬಹುದು ಎಂದುಕೊಳ್ಳುವುದಕ್ಕೆ ಅಲ್ಲಿಯವರೆಗೆ ಸ್ವಲ್ಪವಾದರೂ ಜಾಗವಿತ್ತು. ಆಮೇಲೆ ಇರಲಿಲ್ಲ. ದೊಡ್ಡಮ್ಮನಿಗೆ ಹೇಳಿದರೆ ಮನೆ ಹೋಗುತ್ತದೆ, ಹೇಳದಿದ್ದರೆ ರಜ ಮುಗಿಯುವವರೆಗಾದರೂ ಇರುತ್ತದೆ. ನಾನು ಹೇಳಲಿಲ್ಲ.

ಮರುದಿನ ಮೇಸ್ತ್ರಿ ಗೋಡೆಗೆ ಕೊಡಗಟ್ಟಲೆ ನೀರು ಹೊಯ್ಯಿಸಿದರು. ಇಟ್ಟಿಗೆಗಳು ಸುಯ್ ಎಂದು ಕುಡಿದವು. ಪಾಲಾರ್ ಹೊಳೆಯ ಮರಳು ಬೆರೆಸಿ ಕುಟ್ಟಿದ ಸುಣ್ಣದ ಮಾಲು ಸಿದ್ಧವಾಗಿತ್ತು. ಅಳಲೆಕಾಯಿ ಜಜ್ಜಿ ಹಾಕಿ ಮೂರು ದಿನ ಇಟ್ಟ ಬೆಲ್ಲದ ನೀರನ್ನು ಅದಕ್ಕೆ ಹನಿಹನಿಯಾಗಿ ಸೇರಿಸಬೇಕಿತ್ತು. ಚಿತ್ತಾಳು ಬೆಲ್ಲದ ಒಂದು ಉಂಡೆಯನ್ನು ಮೊದಲೇ ಬಾಯಿಗೆ ಹಾಕಿಕೊಂಡಿದ್ದಳು. "ಗೋಡೆಗೆ ಜಾಸ್ತಿ ಸಿಹಿ ಆಗ್ಬಾರ್ದು," ಎಂದಳು.

ಮಾಲು ಕಲಸುತ್ತಲೇ ಮೇಸ್ತ್ರಿ ನನ್ನನ್ನು ಕೇಳಿದರು: "ಮನೇಲಿ ಇರೋದು ಎಷ್ಟು ಜನ ಅಮ್ಮಾ?"

ದೊಡ್ಡಮ್ಮ ಹೊಸ್ತಿಲಲ್ಲಿದ್ದರು. ಕೈಯಲ್ಲಿ ಬೇಯಿಸಿದ ಹಸಿ ಕಡಲೆಕಾಯಿಯ ದೊನ್ನೆ. ಆಗ ಕಡಲೆಕಾಯಿ ಕೀಳುವ ಕಾಲ. ದಿನಾ ಒಂದು ದೊನ್ನೆ ತಂದು ಒಳಕ್ಕೆ ಇಟ್ಟು ಹೋಗುತ್ತಿದ್ದರು.

"ಇಬ್ಬರು," ಎಂದೆ.

"ಇಬ್ರೇನಾ? ಕಮ್ಮಿ ಆಯ್ತು. ಆದ್ರೂ ಪರವಾಗಿಲ್ಲ."

"ಯಾಕೆ ಕೇಳಿದಿರಿ?"

"ಜನ ಇರೋ ಮನೆ ಗಾರೆ ಜಲ್ದಿ ಗಟ್ಟಿ ಆಗುತ್ತೆ. ಬೀಗ ಹಾಕಿದ ಮನೇದು ವರ್ಷ ಆದ್ರೂ ಉಗುರಿಗೆ ಬರುತ್ತೆ. ನಮ್ಮ ಅಬ್ಬಾ ಹೇಳ್ತಿದ್ರು, ಗಾರೆ ಜನದ ಉಸಿರು ತಿಂದು ಬೆಳೆಯುತ್ತೆ ಅಂತ."

ಅದು ನಿಜ. ಕಾಲೇಜಿನಲ್ಲಿ ಅದನ್ನು ಬೇರೆ ಮಾತುಗಳಲ್ಲಿ ಕಲಿತಿದ್ದೆ. ಅರಳಿದ ಸುಣ್ಣ ಗಾಳಿಯಲ್ಲಿರುವ ಇಂಗಾಲಾಮ್ಲ ವಾಯುವನ್ನು ಹೀರಿಕೊಂಡು ಮತ್ತೆ ಸುಣ್ಣದ ಕಲ್ಲಾಗುತ್ತದೆ. ಆ ವಾಯು ನಮ್ಮ ಉಸಿರಿನಲ್ಲಿದೆ. ಪರೀಕ್ಷೆಯಲ್ಲಿ ಅದರ ಸಮೀಕರಣವನ್ನೂ ಬರೆದಿದ್ದೆ. ಆದರೆ ಸುಣ್ಣಕ್ಕೆ ಮನೆಯಲ್ಲಿ ಎಷ್ಟು ಜನರೆಂಬ ಲೆಕ್ಕ ಬೇಕಾಗುತ್ತದೆಂದು ಆ ಸಮೀಕರಣದಲ್ಲಿ ಇರಲಿಲ್ಲ.

ಅಬ್ಬಾ ಕಲಿಸಿದ ಇನ್ನೊಂದು ಪದ್ಧತಿಯೂ ಅವರಲ್ಲಿತ್ತು. ಗೋಡೆಯನ್ನೆಲ್ಲ ಮುಗಿಸಿ, ಎದೆಯೆತ್ತರದಲ್ಲಿ ಒಂದು ಜಾಗವನ್ನು ಮಾತ್ರ ಖಾಲಿ ಬಿಡುವುದು. ಒಬ್ಬರಿಗೆ ಒಂದು ಇಟ್ಟಿಗೆಯ ಲೆಕ್ಕ. ಆ ಮನೆಯಲ್ಲಿ ಇರುವವರು ಒಬ್ಬೊಬ್ಬರೂ ತಮ್ಮ ಕೈಯಿಂದಲೇ ಒಂದು ಹಿಡಿ ಮಾಲನ್ನು ಅಲ್ಲಿ ಒತ್ತಬೇಕು. ಆಮೇಲೆ ಮೇಸ್ತ್ರಿ ಅದರ ಮೇಲೆ ಕರಣೆ ಎಳೆದು ಸಮ ಮಾಡುತ್ತಾರೆ. ಯಾರ ಹಿಡಿ ಎಲ್ಲಿದೆಯೆಂದು ಆಮೇಲೆ ಯಾರಿಗೂ ಕಾಣುವುದಿಲ್ಲ.

"ನಿಮ್ಗೆ ಆ ಬೆರಳಿನ ಇಟ್ಟಿಗೆ ಹಿಡಿಸಿದ ಹಾಗಿದೆ," ಎಂದರು. ನಾನು ಅದನ್ನು ಮುಟ್ಟಿ ನೋಡಿದ್ದನ್ನು ಅವರು ಗಮನಿಸಿದ್ದರು. "ಅದು, ಅದರ ಪಕ್ಕದ್ದು, ಎರಡು ಬಿಡ್ತೀನಿ."

ಗೋಡೆ ದಿನದಿಂದ ದಿನಕ್ಕೆ ಬೆಳೆಯಿತು. ಮೊದಲು ಒರಟು ಮಾಲನ್ನು ಕರಣೆಯಿಂದ ಬೀಸಿ ಹೊಡೆದರು. ಮಟ್ಟದ ಪಟ್ಟಿ ಎಳೆದು ಉಬ್ಬುತಗ್ಗು ತೆಗೆದರು. ಅದು ಬಿಗಿದ ಮೇಲೆ ಇನ್ನೊಂದು ಪದರ. ಆಯುಧಪೂಜೆಯ ದಿನ ಚಿತ್ತಾಳು ಮೇಸ್ತ್ರಿಯ ಕರಣೆಯನ್ನು ಕಿತ್ತುಕೊಂಡು, ಅದರ ಹಿಡಿಗೆ ಸೇವಂತಿಗೆ ಸಿಕ್ಕಿಸಿ, ಅಲಗಿಗೆ ಅರಿಶಿನ ಹಚ್ಚಿದಳು.

"ನಿನ್ ಹಬ್ಬ ನನ್ ಕರಣೆ ಮೇಲೆ ಯಾಕೆ?"

"ಕರಣೆ ನಿಂದೇ. ಅನ್ನ ಹಾಕೋದು ಇಬ್ರಿಗೂ. ಸುಮ್ನಿರು ಮೇಸ್ತ್ರಿ."

ಸುಣ್ಣ ಅಂಟಿದ್ದ ಅಲಗಿನ ಮೇಲೆ ಅರಿಶಿನ ನೋಡುತ್ತಿದ್ದಂತೆಯೇ ಕೆಂಪಾಯಿತು. "ನೋಡಿ, ಕುಂಕುಮಾನ ಅದೇ ಇಟ್ಕೊಂತು," ಎಂದು ಅವಳು ಕೈ ತಟ್ಟಿದಳು. ಹೊಸ್ತಿಲಲ್ಲಿದ್ದ ದೊಡ್ಡಮ್ಮನೂ ನಕ್ಕರು. ಅವರು ಈಗ ದಿನಕ್ಕೆ ಎರಡು ಸಲ ಬರುತ್ತಿದ್ದರು. ಬಂದಾಗಲೆಲ್ಲ ಅಮ್ಮನ ವಿಷಯ.

"ನಿಮ್ಮಮ್ಮನಿಗೆ ಬತ್ತಿ ಹೊಸೆಯೋದು ಚೆನ್ನಾಗಿ ಬರುತ್ತಾ?"

"ಬರುತ್ತೆ."

"ಹತ್ತಿ ತೆಗೆದಿಟ್ಟಿದೀನಿ. ಒಬ್ಬಳೇ ಕೂತ್ಕೊಂಡು ಹೊಸೆಯೋದು ಬೇಜಾರು. ಬೆಳಗಿನ ಜಾವ ಬೇಗ ಏಳ್ತಾರಾ?"

"ಏಳ್ತಾರೆ."

ಈ ಉತ್ತರಗಳೆಲ್ಲ ನಿಜವೇ. ಅಮ್ಮ ಬೇಗ ಏಳುತ್ತಿದ್ದಳು, ಬತ್ತಿ ಹೊಸೆಯುತ್ತಿದ್ದಳು, ಮಾಲೂರಿನಲ್ಲಿ.

ವಿಜಯದಶಮಿಯ ಮರುದಿನ ಗೋಡೆಯೆಲ್ಲ ಮುಗಿದು ಎರಡು ಇಟ್ಟಿಗೆಯ ಜಾಗ ಉಳಿಯಿತು. ಮೇಸ್ತ್ರಿ ನನ್ನ ಅಂಗೈಗೆ ಒಂದು ಹಿಡಿ ಮಾಲು ಹಾಕಿದರು. ತಣ್ಣಗೆ, ಭಾರವಾಗಿ, ಸ್ವಲ್ಪ ಚುರುಗುಟ್ಟುತ್ತಿತ್ತು. ಪಕ್ಕದ ಇಟ್ಟಿಗೆಯ ಮೇಲೆ ಒತ್ತಿದೆ. ಬೆರಳಿನ ಗುರುತಿದ್ದ ಇಟ್ಟಿಗೆ ಬರಿದಾಗಿ ಉಳಿಯಿತು. ಅವರು ನನ್ನ ಮುಖ ನೋಡಿದರು.

"ದೊಡ್ಡೋರದ್ದು?"

"ನಾಳೆ ಬಸ್ಸಿಗೆ ಬರಬಹುದು."

"ಆಗ್ಲಿ. ಎರಡು ಮೂರು ದಿನ ತಡೆಯುತ್ತೆ." ಅಂಚು ಒಣಗದ ಹಾಗೆ ಆ ಜಾಗಕ್ಕೆ ಒದ್ದೆ ಗೋಣಿತಾಟಿನ ತುಂಡೊಂದನ್ನು ಮೊಳೆ ಹೊಡೆದು ಇಳಿಬಿಟ್ಟರು. ಮೇಲೆ ತೆಳುವಾದ ಸುಣ್ಣ ಬಳಿದು ನುಣುಪು ಕಲ್ಲಿನಿಂದ ಉಜ್ಜುವ ಕೆಲಸ ಇನ್ನೂ ಇತ್ತು. ಅದಕ್ಕೆ ಕೈ ಹಾಕಿದರು.

ಎರಡು ದಿನ ಮಧ್ಯಾಹ್ನ ನಾನು ಬಸ್‌ಸ್ಟ್ಯಾಂಡಿಗೆ ಹೋದೆ. ದೊಡ್ಡಮ್ಮ ಜಗಲಿಯಲ್ಲಿ ಕುಳಿತಿರುತ್ತಿದ್ದರು. ಅವರ ಎದುರಿನಿಂದಲೇ ಹೋಗಬೇಕಿತ್ತು, ಅದಕ್ಕಾಗಿಯೇ ಹೋದದ್ದು. ಕೋಲಾರದ ಬಸ್ಸು ಹೊಗೆ ಕಾರುತ್ತ ಬಂದು ನಿಂತಿತು. ಮುಖಕ್ಕೆ ಮಸಿ ಹತ್ತಿಸಿಕೊಂಡ ಜನ ಇಳಿದರು. ನಾನು ಬೇವಿನ ಮರದ ಕೆಳಗೆ ನಿಂತೆ.

"ಯಾರನ್ನ ನೋಡ್ತಿದೀರಮ್ಮಾ?" ಎಂದು ಕಂಡಕ್ಟರು ಕೇಳಿದ.

"ನಮ್ಮಮ್ಮನ್ನ."

"ಇವತ್ತು ಯಾರೂ ಇಲ್ಲ. ನಾಳೆ ಬರ್ತಾರೆ ಬಿಡಿ."

ಎರಡನೆಯ ದಿನ ಬಿಳಿ ಸೀರೆಯ ಹೆಂಗಸೊಬ್ಬರು ಗಂಟು ಹಿಡಿದುಕೊಂಡು ಬೆನ್ನು ನನ್ನ ಕಡೆ ಮಾಡಿ ಮೆಟ್ಟಿಲಿಳಿದರು. ಯಾರೂ ಬರುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ನನ್ನ ಕಾಲು ಒಂದು ಹೆಜ್ಜೆ ಮುಂದೆ ಹೋಯಿತು. ಅವರು ತಿರುಗಿದರು. ಬೇರೆ ಯಾರೋ. ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ.

ಮನೆಗೆ ಬಂದಾಗ ಮೇಸ್ತ್ರಿ ಉಜ್ಜುವುದನ್ನು ಮುಗಿಸಿ ಕಲ್ಲನ್ನು ತೊಳೆಯುತ್ತಿದ್ದರು. ಗೋಡೆ ಮೊಟ್ಟೆಯ ಸಿಪ್ಪೆಯಂತೆ ಹೊಳೆಯುತ್ತಿತ್ತು, ಗೋಣಿತಾಟಿನ ತುಂಡೊಂದನ್ನು ಬಿಟ್ಟು.

"ಅಮ್ಮಾ, ನಾಳೆ ನಾನು ಶ್ರೀನಿವಾಸಪುರಕ್ಕೆ ಹೋಗ್ಬೇಕು, ಅಲ್ಲಿ ಕೆಲಸ ಒಪ್ಕೊಂಡಿದೀನಿ. ಆ ಜಾಗ ಇನ್ನು ಕಾಯೋದಿಲ್ಲ. ನಿಮ್ಮಮ್ಮ ಬರ್ತಾರಾ?"

ಅವರು ಅದನ್ನು ಬರಿಯ ಕೆಲಸದ ಪ್ರಶ್ನೆಯಾಗಿ ಕೇಳಿದರು. ಅದರಿಂದಲೇ ನನಗೆ ಇನ್ನೊಂದು ಸುಳ್ಳು ಹೇಳಲಾಗಲಿಲ್ಲ.

"ಬರಲ್ಲ ಮೇಸ್ತ್ರಿ. ಬರಲ್ಲ ಅಂತ ಕಾಗದ ಬಂದು ಎಷ್ಟೋ ದಿನ ಆಯ್ತು. ನೀವು ಕೇಳಿದಾಗಲೂ ನನಗೆ ಗೊತ್ತಿತ್ತು. ಇಲ್ಲಿರೋದು ನಾನೊಬ್ಬಳೇ."

ಅವರು ಕಲ್ಲನ್ನು ಬಟ್ಟೆಯಿಂದ ಒರೆಸಿದರು. ಬಯ್ಯಲಿಲ್ಲ, ಸಮಾಧಾನವನ್ನೂ ಹೇಳಲಿಲ್ಲ. "ಮೊದ್ಲೇ ಹೇಳಿದ್ರೆ ಚಿಕ್ಕ ಜಾಗ ಬಿಡ್ತಿದ್ದೆ," ಎಂದರು.

"ಜಾಗ ಇದ್ದರೆ ನಾನು ಹಾಕ್ತೀನಿ ಒಂದು ಹಿಡಿ!" ಎಂದಳು ಚಿತ್ತಾಳು.

"ನೀನೇನು ಈ ಮನೇಲಿ ಇರ್ತೀಯಾ?"

"ಇಷ್ಟು ದಿನ ಇರ್ಲಿಲ್ವಾ? ನಾನು ಬಿಟ್ಟಿದ್ದು ಉಸಿರಲ್ವಾ, ಬಸ್ಸಿನ ಹೊಗೇನಾ?"

ನಗು ಬರಬೇಕಾದ ಹೊತ್ತಿಗೆ ಅವಳ ಕಣ್ಣು ಬಾಗಿಲ ಕಡೆ ಹೋಯಿತು. ದೊಡ್ಡಮ್ಮ ಅಲ್ಲಿ ನಿಂತಿದ್ದರು. ಎಷ್ಟು ಹೊತ್ತಿನಿಂದ ಎಂದು ಅವರ ಮುಖದಲ್ಲೇ ಬರೆದಿತ್ತು. ಕಡಲೆಕಾಯಿಯ ದೊನ್ನೆಯನ್ನು ಹೊಸ್ತಿಲ ಮೇಲಿಟ್ಟು ಹೊರಟುಹೋದರು.

ಮೇಸ್ತ್ರಿ ಗೋಣಿತಾಟಿಗೆ ಮತ್ತೆ ನೀರು ಚಿಮುಕಿಸಿದರು. "ನಾಳೆ ಬೆಳಿಗ್ಗೆ ಬಸ್ಸು ಹಿಡಿಯೋ ಮುಂಚೆ ಬಂದು ಮುಚ್ಚಿ ಹೋಗ್ತೀನಿ. ಒಂದು ಕೈಯೋ ಎರಡೋ, ಅಷ್ಟರಲ್ಲಿ ಯೋಚನೆ ಮಾಡಿ ಹೇಳಿ."

ದೀಪ ಹಚ್ಚುವ ಹೊತ್ತಿಗೆ ದೊಡ್ಡಮ್ಮನ ಮನೆಗೆ ಹೋದೆ. ಅವರು ನಡುಮನೆಯಲ್ಲಿ ಕುಳಿತು ಬತ್ತಿ ಹೊಸೆಯುತ್ತಿದ್ದರು. ಹತ್ತಿಯ ದೊಡ್ಡ ರಾಶಿ, ಎರಡು ಮಣೆ. ಒಂದರ ಮೇಲೆ ಯಾರೂ ಕುಳಿತಿರಲಿಲ್ಲ.

"ಕೂತ್ಕೋ ಅಂತ ಹೇಳಲ್ಲ," ಎಂದರು.

"ನಿಂತೇ ಹೇಳ್ತೀನಿ ದೊಡ್ಡಮ್ಮ. ಅಮ್ಮ ಬರೋದು ಅನುಮಾನ ಅಂತ ಮನೆ ಕೇಳಿದ ದಿನಾನೇ ಗೊತ್ತಿತ್ತು. ಆಮೇಲೆ ಬರಲ್ಲ ಅಂತ ಕಾಗದಾನೂ ಬಂತು."

"ಕಾಗದ ಬಂದ ಮೇಲೂ ಬಸ್‌ಸ್ಟ್ಯಾಂಡಿಗೆ ಹೋದ್ಯಾ?"

"ಹೂಂ."

"ಯಾಕೆ?"

"ನೀವು ನೋಡ್ಲಿ ಅಂತ."

"ನೋಡ್ದೆ. ಎರಡು ದಿನಾನೂ ನೋಡ್ದೆ. ಪಾಪ, ಹುಡುಗಿ ಬಿಸಿಲಲ್ಲಿ ಕಾಯ್ತಾಳೆ ಅಂದ್ಕೊಂಡೆ." ಬತ್ತಿಯ ಎಳೆ ಅವರ ತೊಡೆಯ ಮೇಲೆ ತುಂಡಾಯಿತು. "ನಿಜ ಹೇಳೋಕೇನಾಗಿತ್ತು?"

"ಹೇಳಿದ್ರೆ ಮನೆ ಕೊಡ್ತಿದ್ರಾ?"

"ಇಲ್ಲ."

ಅವರು ತುಂಡಾದ ಎಳೆಯನ್ನು ತೆಗೆದು ಪಕ್ಕಕ್ಕಿಟ್ಟರು.

"ಹದಿನೆಂಟು ವರ್ಷದಿಂದ ಇಲ್ಲಿ ಒಬ್ಬಳೇ ಇದೀನಿ," ಎಂದರು. "ಒಬ್ಬಳೇ ಹೇಗಿದೀಯಾ ಅಂತ ಒಬ್ರಾದ್ರೂ ಕೇಳಿದ್ರಾ? ತಲೆ ಬೋಳಿಸಿದೋಳನ್ನ ಯಾರೂ ಕೇಳಲ್ಲ. ನಿನ್ನ ಕೇಳ್ತಾರೆ."

"ಕೇಳ್ಲಿ ದೊಡ್ಡಮ್ಮ."

"ನೀನು ಸುಲಭವಾಗಿ ಹೇಳ್ತೀಯ. ಅವರು ಬಂದು ಕೇಳೋದು ನನ್ನನ್ನ." ಹೊಸ ಎಳೆ ತೆಗೆದುಕೊಂಡರು. ಅದನ್ನು ಪೂರ್ತಿ ಹೊಸೆದು ಮುಗಿಸಿದರು. ನಾನು ಟ್ರಂಕಿನಲ್ಲಿ ಏನೇನು ಹಿಡಿಸುತ್ತದೆಂದು ಮನಸ್ಸಿನಲ್ಲೇ ಜೋಡಿಸುತ್ತಿದ್ದೆ. "ಇರು," ಎಂದರು ಕೊನೆಗೆ. "ಕೇಳಿದೋರಿಗೆ ಒಬ್ಬಳೇ ಇದಾಳೆ ಅಂತಲೇ ಹೇಳ್ತೀನಿ. ನಿನ್ನ ಹಾಗೆ ಬಣ್ಣ ಕಟ್ಟೋಕೆ ಈ ವಯಸ್ಸಲ್ಲಿ ನನಗೆ ಬರಲ್ಲ. ಗೋಡೆ ಮಾಡಿಸಿದೀಯ, ಇರು."

ನಾನು ಬಾಗಿಲ ಕಡೆ ತಿರುಗಿದೆ.

"ಆದ್ರೆ ಒಂದು ಹೇಳ್ತೀನಿ," ಎಂದರು. ಈಗ ಅವರು ನನ್ನನ್ನು ನೋಡುತ್ತಿರಲಿಲ್ಲ, ಆ ಖಾಲಿ ಮಣೆಯನ್ನು ನೋಡುತ್ತಿದ್ದರು. "ನನ್ನ ಹತ್ರ ನನ್ನ ವಯಸ್ಸಿನೋರು ಕೂತು ಎಷ್ಟು ಕಾಲ ಆಯ್ತು ಗೊತ್ತೇನೇ? ನಿಮ್ಮಮ್ಮ ಬಂದ್ಮೇಲೆ ಅದು ಹೇಳ್ಬೇಕು, ಇದು ಕೇಳ್ಬೇಕು ಅಂತ ಎಷ್ಟೊಂದು ಕೂಡಿಟ್ಕೊಂಡಿದ್ದೆ. ಹೋಗು. ದೀಪ ಹಚ್ಕೋ."

ಮನೆ ಉಳಿಯಿತು. ಈಗಲೂ ಅದೇ ಮನೆಯಲ್ಲಿದ್ದೇನೆ, ಅದೇ ಗೋಡೆಗೆ ಮೇಜು ಒತ್ತಿಕೊಂಡು ಇದನ್ನು ಬರೆಯುತ್ತಿದ್ದೇನೆ. ದೊಡ್ಡಮ್ಮ ಕೊಟ್ಟ ಮಾತನ್ನು ಒಂದು ಸಲವೂ ತಪ್ಪಲಿಲ್ಲ. ಕೇಳಿದವರಿಗೆ ಜಗಲಿಯ ಮೇಲಿಂದಲೇ ಗಟ್ಟಿಯಾಗಿ, "ಒಬ್ಬಳೇ ಇದಾಳೆ, ಏನೀಗ?" ಎನ್ನುತ್ತಿದ್ದರು. ಕಂಡಾಗ ಮಾತಾಡಿಸುತ್ತಿದ್ದರು. ಆದರೆ ದೊನ್ನೆ ಹಿಡಿದು ಹೊಸ್ತಿಲಿಗೆ ಮತ್ತೆ ಬರಲಿಲ್ಲ. ಗಾರೆ ಬಿಗಿದ ಮೇಲೆ ಅವರ ಒಗ್ಗರಣೆಯ ಸದ್ದೂ ಈ ಕಡೆಗೆ ಬರುವುದು ನಿಂತಿತು. ಒಳಗಿನಿಂದ ಅಗುಳಿ ಹಾಕಿಕೊಳ್ಳುವ ಬಾಗಿಲು ನನಗೆ ಬೇಕಾಗಿತ್ತು, ಸಿಕ್ಕಿತು. ಅವರಿಂದ ನಾನು ತೆಗೆದುಕೊಂಡದ್ದು ಏನೆಂದು ಆ ಎರಡನೆಯ ಮಣೆಯನ್ನು ನೋಡುವವರೆಗೂ ನನಗೆ ತಿಳಿದಿರಲಿಲ್ಲ.

ಆ ಮಾತಾದ ಮರುದಿನ ಬೆಳಿಗ್ಗೆ ಮೇಸ್ತ್ರಿ ಹೇಳಿದ ಹೊತ್ತಿಗೆ ಬಂದರು. ಚಿತ್ತಾಳು ಬಾಂಡಲಿಯಲ್ಲಿ ಸ್ವಲ್ಪವೇ ಮಾಲು ತಂದಿದ್ದಳು.

"ಒಂದಾ, ಎರಡಾ?" ಎಂದು ಮೇಸ್ತ್ರಿ ಕೇಳಿದರು.

"ಒಂದೇ. ನಂದು ಹಾಕಿಯಾಗಿದೆ."

ಅವರು ತಲೆಯಾಡಿಸಿ ಗೋಣಿತಾಟನ್ನು ತೆಗೆದರು. ಆ ಮೂರು ಕುಳಿಗಳಲ್ಲಿ ನೀರಿನ ಪಸೆ ಹೊಳೆಯುತ್ತಿತ್ತು. ಉಳಿದ ಜಾಗವನ್ನು ಯಾರ ಕೈಯೂ ತಾಗದೆ ಕರಣೆಯಿಂದಲೇ ತುಂಬಿ, ಎರಡು ಸಲ ಎಳೆದು ಸಮ ಮಾಡಿದರು. ಗೋಡೆಗೆ ಇನ್ನು ಎಷ್ಟು ದಿನ ನೀರು ಹಾಕಬೇಕು, ಹೊಸದಾಗಿ ಮುಚ್ಚಿದ ಕಡೆ ಇವತ್ತೊಂದು ದಿನ ಯಾಕೆ ಹಾಕಬಾರದು ಎಂದು ತಿಳಿಸಿ, ಚೀಲ ಹೆಗಲಿಗೇರಿಸಿಕೊಂಡು ಬಸ್ಸಿಗೆ ಹೊರಟರು.

ಅವರಿಬ್ಬರೂ ಬೀದಿಯ ತಿರುವಿನಲ್ಲಿ ಮರೆಯಾದ ಮೇಲೆ ಬಾಗಿಲು ಹಾಕಿ ಅಗುಳಿ ಸರಿಸಿದೆ. ಚೊಂಬಿನಲ್ಲಿ ನೀರು ತಂದು ಮೇಲಿನಿಂದ ಕೆಳಕ್ಕೆ, ಆ ಜಾಗವೊಂದನ್ನು ಬಿಟ್ಟು, ಗೋಡೆಗೆಲ್ಲ ಎರಚಿದೆ. ಆಮೇಲೆ, ಶಾಲೆ ತೆರೆಯುವ ದಿನ ಹೇಳಬೇಕಾಗಿದ್ದ ಪಾಠದ ಪುಸ್ತಕ ತೆಗೆದುಕೊಂಡು, ಗೋಡೆಗೆ ಎದುರಾಗಿ, ಉಸಿರು ತಾಗುವಷ್ಟು ಹತ್ತಿರ ಚಾಪೆ ಹಾಸಿ ಕುಳಿತು, ಮೊದಲ ಪುಟದಿಂದ ಗಟ್ಟಿಯಾಗಿ ಓದಿದೆ.